ಇಡ್ಲಿ ಹಬೆಯಲ್ಲಿ ಮುಪ್ಪಾದ ವಾಚು

ಮಾಮಾನ ದೇವರ ಜಗಲಿಯ ಮೇಲೆ, ಹಿತ್ತಾಳೆಯ ಬಾಲಕೃಷ್ಣನ ಪಕ್ಕ, ರೇಶಿಮೆ ಚಿಂದಿಯಲ್ಲಿ ಸುತ್ತಿಟ್ಟಿರುವ ವಾಚು ನನ್ನ ಅವ್ವ ಕೊಟ್ಟದ್ದಲ್ಲ. ಅದು ನಾನು ಕಲ್ಯಾಣದ ಅಂಗಡಿಯಲ್ಲಿ ಕೊಂಡು, ಮರಳಿನಲ್ಲಿ ತಿಕ್ಕಿ, ಚಹಾ ಕುಡಿಸಿ, ಒಂದು ಉಡುಪಿ ಹೋಟೆಲಿನ ಇಡ್ಲಿ ಪಾತ್ರೆಯ ಮೇಲೆ ಬೇಯಿಸಿ ಹಳೆಯದು ಮಾಡಿದ ಹೊಸ ವಾಚು. ಅವ್ವ ಕೊಟ್ಟದ್ದು ಡೊಂಬಿವಲಿಯ ಒಂದು ಗಟಾರದಲ್ಲಿದೆ — ಅಥವಾ ಇತ್ತು. ಇಷ್ಟು ಮಳೆಗಾಲ ಕಳೆದ ಮೇಲೆ ಅದು ಸಮುದ್ರದ ಖಾಡಿ ಸೇರಿ, ಯಾವುದೋ ಮೀನಿಗೆ ಹೊತ್ತು ತೋರಿಸುತ್ತಿರಬೇಕು. ಅದನ್ನು ಅಲ್ಲಿಗೆ ಕಳಿಸಿದವನೂ ನಾನೇ.

ನೋಡಿ, ಆಗಲೇ ನಕ್ಕಿರಿ. ನನ್ನ ಹಣೆಬರಹವೇ ಇದು. ನಮ್ಮ ಕನ್ನಡ ಸಂಘದ ನಾಟಕದಲ್ಲಿ ಧೋತರ ಜಾರಿಸಿಕೊಂಡು ಓಡುವ ಪಾತ್ರ ಯಾವುದಿದ್ದರೂ ಅದು ನನಗೇ. ಯಾರ ಮನೆಗಾದರೂ ಸಾವಿನ ಸುದ್ದಿ ಹೊತ್ತು ಹೋದರೂ ಬಾಗಿಲು ತೆಗೆದವರು ಮೊದಲು ಹಲ್ಲು ಕಿರಿಯುತ್ತಾರೆ, ಆಮೇಲೆ ಏನು ಸುದ್ದಿ ಎಂದು ಕೇಳುತ್ತಾರೆ. ಹೀಗಾಗಿ ಏಳೆಂಟು ವರ್ಷಗಳಿಂದ ಒಂದು ನಿಜ ನನ್ನ ಹೊಟ್ಟೆಯಲ್ಲಿ ಹಿಟ್ಟಿನ ಹಾಗೆ ಹುಳಿಯುತ್ತ ಕೂತಿದೆ. ಹೇಳಿಲ್ಲ ಅಂತಲ್ಲ. ಹೇಳಿದ್ದೇನೆ. ಹೇಳಿದಾಗೆಲ್ಲ ಜನ ಹೊಟ್ಟೆ ಹಿಡಿದುಕೊಂಡು... ಇರಲಿ. ಈ ಸಲ ಬರೆಯುತ್ತಿದ್ದೇನೆ. ಕಾಗದಕ್ಕೆ ನನ್ನ ಮುಖ ಕಾಣುವುದಿಲ್ಲವಲ್ಲ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಗದಗಿನಿಂದ ಮುಂಬಯಿ ಕಡೆ ನೌಕರಿಗೆ ಹೊರಟ ದಿನ ಅವ್ವ ಅವರ ಕೈಗೆ ಒಂದು ವಾಚು ಕಟ್ಟಿದಳಂತೆ. ಪರದೇಶದ ವಾಚು, ಬಿಳಿ ಮುಖ, ಕರಿ ಅಂಕಿ, ಸೂಜಿಯಂಥ ತೆಳು ಮುಳ್ಳು. ಅವ್ವನಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೂ, "ಊರು ಬಿಟ್ಟು ಹೋಗಾಂವಗ ಹೊತ್ತು ಗೊತ್ತಿರಬೇಕು" ಅಂದಿದ್ದಳಂತೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವ ಹೋದಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ಮಾಮಾ ಬಂದು ನನ್ನನ್ನು ಡೊಂಬಿವಲಿಗೆ ಕರೆದುಕೊಂಡು ಹೋದರು. ಅವ್ವನದು ಅಂತ ಒಂದು ಫೋಟೋ ಕೂಡ ಇರಲಿಲ್ಲ. ನಮ್ಮಿಬ್ಬರಿಗೂ ಉಳಿದದ್ದು ಆ ವಾಚು ಒಂದೇ. ಮಾಮಾ ಅದನ್ನು ಕಟ್ಟಿಕೊಳ್ಳುತ್ತಿದ್ದರು, ನಾನು ಅವರ ಪಕ್ಕ ಮಲಗಿ ಅದರ ಟಿಕ್ ಟಿಕ್ ಕೇಳುತ್ತಿದ್ದೆ. ಹೊಸ ಊರಿನಲ್ಲಿ ನನಗೆ ಅರ್ಥವಾಗುತ್ತಿದ್ದ ಭಾಷೆ ಅದೊಂದೇ.

ಮಾಮಾ ಠಾಣೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕ್. ಬೆಳಿಗ್ಗೆ ಪ್ಲಾಟ್‌ಫಾರ್ಮಿಗೆ ಬಂದವರೇ ಮೊದಲು ಸ್ಟೇಶನ್ನಿನ ಗಡಿಯಾರ ನೋಡಿ, ಆಮೇಲೆ ತಮ್ಮ ವಾಚು ನೋಡಿ, "ಸ್ಟೇಶನ್ನಿಂದು ಎರಡು ಮಿನಿಟ್ ಹಿಂದದ" ಎಂದು ತೀರ್ಪು ಕೊಡುತ್ತಿದ್ದರು. ತಪ್ಪು ಯಾವತ್ತೂ ರೈಲ್ವೆಯದೇ. ಅವರ ರೈಲುಡಬ್ಬಿಯ ಜನ, ಇಸ್ಪೀಟು ಆಡುವವರು, ಭಜನೆಯವರು, ಎಲ್ಲರೂ ಹೊತ್ತು ಕೇಳುವುದು ಮಾಮಾನನ್ನೇ. ಆದರೆ ವರ್ಷ ಕಳೆದ ಹಾಗೆ ಕಣ್ಣಿಗೆ ಪೊರೆ ಬಂತು. ನಮ್ಮ ಕಡೆ ಮೋತಿಬಿಂದು ಅಂತಾರೆ. ಮೊದಲು ವಾಚನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಆಮೇಲೆ ಮೂಗಿಗೇ ತಗುಲಿಸಿ. ಕೊನೆಗೆ, ಯಾರಾದರೂ ಹೊತ್ತು ಕೇಳಿದರೆ ತಮ್ಮ ಕೈಯನ್ನು ಅವರ ಮುಂದೆ ಚಾಚಿ, "ನೀವ ನೋಡ್ಕೋರಿ" ಅನ್ನುತ್ತಿದ್ದರು. ಕೊಡುವ ಠೀವಿ ಮಾತ್ರ ಹಾಗೇ ಇತ್ತು.

ಠಾಣೆಯ ಕಣ್ಣಿನ ಆಸ್ಪತ್ರೆಗೆ ಸೇರಿಸಿದ ದಿನ ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಜ್ವಾಕಿ, ಗುರ್ಯಾ. ದಿನಾ ಚಾವಿ ಕೊಡು. ಎಷ್ಟ ವರ್ಷಾತೋ ಇದರ ಮಾರಿ ನೆಟ್ಟಗ ನೋಡಿ. ಕಣ್ಣು ಬಂದ ಕೂಡ್ಲೆ ಮೊದಲ ಇದನ್ನ ನೋಡಾಂವ."

ಪಕ್ಕದಲ್ಲಿ ನಿಂತಿದ್ದ ಮಾಮಿ, ಹಂಗಾರ ನಾ ಎರಡನೇದಾಕಿ, ಎಂದು ಮುಖ ಊದಿಸಿದರು. ನಾನು ನಕ್ಕೆ. ನಗಲಿಕ್ಕೆ ಅಲ್ಲಿ ಏನೂ ಇರಲಿಲ್ಲ ಎಂದು ಈಗ ಗೊತ್ತಾಗುತ್ತದೆ.

ಅದೇ ವಾರ ಐತವಾರ ಸಂಜೆ ನಮ್ಮ ಸಂಘದ ನಾಟಕ. ಮುನಿಸಿಪಾಲ್ಟಿ ಶಾಲೆಯ ಹಾಲ್. ನಾನು ದಡ್ಡ ಡಾಕ್ಟರ. ಕೆಲಸ ಇಷ್ಟೇ: ರೋಗಿಯ ನಾಡಿ ಹಿಡಿದು ವಾಚು ನೋಡುವುದು, ಆಮೇಲೆ ಮರೆವಿನಲ್ಲಿ ಥರ್ಮಾಮೀಟರನ್ನು ಚಹಾದ ಗ್ಲಾಸಿನಲ್ಲಿ ಅದ್ದುವುದು. ತಾಲೀಮಿನಲ್ಲಿ ಇದಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವತ್ತು ರಂಗದ ಮೇಲೆ ಥರ್ಮಾಮೀಟರು ಅದ್ದಿದೆ. ಮುಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ಅಷ್ಟೇ. ಹಿಂದೆ ಯಾರೋ ಸೇಂಗಾ ಸುಲಿಯುವ ಸದ್ದು ಕೂಡ ಕೇಳಿಸಿತು.

ನಗು ಬಾರದ ಹಾಲ್ ಅಂದರೆ ಏನು ಅಂತ ನಿಮಗೆ ಗೊತ್ತಿಲ್ಲ. ಮೈಮೇಲೆ ಬಟ್ಟೆ ಇಲ್ಲದ ಹಾಗೆ. ನನಗೆ ಬುದ್ಧಿ ಕೆಟ್ಟಿತು — ಕೆಡಲಿಕ್ಕೆ ಇತ್ತು ಅಂತ ಇಟ್ಟುಕೊಂಡರೆ. ಕೈಯಲ್ಲಿದ್ದ ಮಾಮಾನ ವಾಚು ಬಿಚ್ಚಿದೆ. ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ಹಿಡಿದೆ. "ಪಾಪ, ಇದಕ್ಕೂ ಜ್ವರ ಬಂದಾವ" ಅಂದು ಚಹಾದ ಗ್ಲಾಸಿಗೆ ಬಿಟ್ಟುಬಿಟ್ಟೆ. ಥರ್ಮಾಮೀಟರಿನಿಂದ ಕಲಕಿದೆ. ಸಕ್ಕರೆ ಸಾಕೇನಪಾ ಎಂದು ಗ್ಲಾಸಿಗೆ ಕಿವಿ ಹಚ್ಚಿ ಕೇಳಿದೆ.

ಇಡೀ ಹಾಲ್ ಎದ್ದುಬಿತ್ತು. ಅಂಥ ನಗು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಒಬ್ಬ ಹಿರಿಯರು ಕುರ್ಚಿಯಿಂದ ಜಾರಿದರು. ನಾನು ಇನ್ನೆರಡು ಸಲ ಕಲಕಿದೆ. ಬೇಕಿರಲಿಲ್ಲ. ಆದರೂ ಕಲಕಿದೆ.

ಪರದೆ ಬಿದ್ದಿತು. ಜನ ಒಳಗೆ ನುಗ್ಗಿ ಬೆನ್ನು ತಟ್ಟಿದರು. ಒಬ್ಬರು ತಬ್ಬಿಕೊಂಡರು. ನಾನು ಮೂರು ಸುತ್ತಿನ ಪೇಟ ತೊಟ್ಟವನ ಹಾಗೆ ಬೀಗುತ್ತ ನಿಂತಿದ್ದೆ. ಆ ಹೊತ್ತಿಗೆ ಹಾಲ್ ಖಾಲಿ ಮಾಡಿ ಎಂದು ಶಾಲೆಯ ಜವಾನ ಗಂಟಲು ಹರಿದುಕೊಳ್ಳುತ್ತಿದ್ದ. ರಂಗದ ಹಿಂದಿನ ಸಾಮಾನೆಲ್ಲ ಸದಾನಂದನ ಜವಾಬ್ದಾರಿ. ಸದಾನಂದ ಉಡುಪಿಯವನು, ನನ್ನ ಗೆಳೆಯ, ಠಾಣೆಯಲ್ಲಿ ಅವನ ದೊಡ್ಡಪ್ಪನ ಹೋಟೆಲು. ಕೆಲಸದಲ್ಲಿ ಚುರುಕು. ಗ್ಲಾಸುಗಳನ್ನು ಎತ್ತಿ, ಉಳಿದ ಚಹಾವನ್ನೆಲ್ಲ ಕಿಟಕಿಯಿಂದ ಆಚೆ ಬೀಸಿ, ಬುಟ್ಟಿಯಲ್ಲಿ ಜೋಡಿಸಿ ಆಗಿತ್ತು. ಕಿಟಕಿಯ ಕೆಳಗೆ ಗಟಾರ. ಹಾಲು ಹಾಕಿದ ಗಟ್ಟಿ ಚಹಾ. ತಳದಲ್ಲಿ ಏನಿದೆ ಅಂತ ಅವನಿಗೆ ಹೇಗೆ ಕಾಣಬೇಕು?

ನಾನು ಖಾಲಿ ಗ್ಲಾಸುಗಳನ್ನು ಒಂದೊಂದಾಗಿ ಎತ್ತಿ ಒಳಗೆ ಇಣುಕುತ್ತಿದ್ದರೆ ಅವನು ನಗುತ್ತಿದ್ದ. ವಿಷಯ ತಿಳಿದ ಮೇಲೆ ಮುಖ ಬಿಳಿಚಿಕೊಂಡ.

"ಎಂತ ಮಾರಾಯ, ಚಾದೊಳಗೆ ನಿಜವಾದ ವಾಚು ಹಾಕುವುದುಂಟಾ? ಅದು ನಿನ್ನ ಆಟದ ವಾಚು ಅಂತ ನಾನು ಗ್ರಹಿಸಿದ್ದು."

ಗಟಾರಕ್ಕೆ ಇಳಿದೆವು. ನಾನಿನ್ನೂ ಡಾಕ್ಟರನ ಬಿಳಿ ಕೋಟಿನಲ್ಲಿದ್ದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ನಾಟಕ ಹೊರಗೂ ಇದೆಯಾ ಎಂದು ವಿಚಾರಿಸಿದರು. ಬಿದಿರು ಕೋಲು ಹಾಕಿ ಕೆದಕಿದ್ದಕ್ಕೆ ಒಂದು ಚಮಚ ಸಿಕ್ಕಿತು, ಯಾರದೋ ಚಪ್ಪಲಿಯ ಪಟ್ಟಿ ಸಿಕ್ಕಿತು, ಒಂದು ಕವಳಿ — ಅಂದರೆ ಹಲ್ಲಿನ ಸೆಟ್ಟು — ಸಿಕ್ಕಿ ನನ್ನನ್ನೇ ನೋಡಿ ನಕ್ಕಿತು. ವಾಚು ಸಿಗಲಿಲ್ಲ. ಮರುದಿನ ಬೆಳಕಿನಲ್ಲಿ ಮತ್ತೆ ಇಳಿದೆವು. ಮೇಲಿನ ಕಾರ್ಖಾನೆಗಳಿಂದ ಬರುವ ಹಸಿರು ನೀರು ಮೊಣಕಾಲಿನವರೆಗೆ ಹರಿಯುತ್ತಿತ್ತು. ಕಾಲು ಒಂದು ವಾರ ತುರಿಸಿತು. ಇನ್ನೂ ತುರಿಸಬೇಕಿತ್ತು.

ಅದರ ಮಾರನೆಯ ದಿನ ಸೈಕಲ್ ಹತ್ತಿ ಕಲ್ಯಾಣಕ್ಕೆ ಹೋದೆ. ಸೈಕಲ್ಲು ಅಲ್ಲೇ ಉಳಿಯಿತು, ವಾಚು ನನ್ನ ಜೊತೆ ಬಂತು. ನಮ್ಮ ದೇಶದ್ದೇ ವಾಚು. ಅದೇ ಬಿಳಿ ಮುಖ, ಕರಿ ಅಂಕಿ. ದೂರದಿಂದ, ಕಣ್ಣು ಅರೆಮುಚ್ಚಿಕೊಂಡು, ಸ್ವಲ್ಪ ದೇವರನ್ನು ನೆನೆದರೆ ಥೇಟ್ ಅವ್ವನ ವಾಚೇ. ಆದರೆ ಮುಖದ ಮೇಲೆ ಅದರ ಹೆಸರು ಹಿಂದಿ ಅಕ್ಷರದಲ್ಲಿತ್ತು. ಮತ್ತು ಅದು ಹೊಳೆಯುತ್ತಿತ್ತು — ಮದುವೆಮನೆಯ ಸ್ಟೀಲ್ ತಾಟಿನ ಹಾಗೆ, ನಾಚಿಕೆ ಇಲ್ಲದೆ.

ದೇವರಾಣೆ ಹೇಳುತ್ತೇನೆ, ಮೋಸ ಮಾಡಲಿಕ್ಕೆ ಅಂತ ಕೊಂಡದ್ದಲ್ಲ. ಇದನ್ನು ಮುಂದಿಟ್ಟು ತಪ್ಪಾಯಿತು ಅನ್ನಬೇಕು ಅಂತಲೇ ಆಸ್ಪತ್ರೆಗೆ ಹೋದೆ. ಆಪರೇಶನ್ ಆಗಿತ್ತು. ಒಂದೇ ಕಣ್ಣಿನದಾದರೂ ಎರಡಕ್ಕೂ ಪಟ್ಟಿ. ತಲೆ ಅಲುಗಾಡದ ಹಾಗೆ ಎರಡೂ ಕಡೆ ಮರಳಿನ ಚೀಲ. ಕೆಮ್ಮಬಾರದು, ಸೀನಬಾರದು, ಎಲ್ಲಕ್ಕಿಂತ ಹೆಚ್ಚಾಗಿ ನಗಬಾರದು. ನಕ್ಕರೆ ಕಣ್ಣಿನ ಹೊಲಿಗೆ ಬಿಚ್ಚುತ್ತದೆ. ಸಿಸ್ಟರ್ ಬಾಗಿಲಲ್ಲೇ ನನ್ನನ್ನು ತಡೆದಳು. ನನ್ನ ಖ್ಯಾತಿ ಮಾಮಿಯ ಬಾಯಿಂದ ವಾರ್ಡಿಗೆ ಮುಟ್ಟಿತ್ತು. "ಹಸವೂ ನಕಾ," ನಗಿಸಬೇಡಿ, ಎಂದು ಬೆರಳು ತೋರಿಸಿ ಒಳಗೆ ಬಿಟ್ಟಳು.

"ಮಾಮಾ," ಅಂದೆ, "ನಾಟಕದಾಗ ಏನಾತಂದ್ರ—"

"ಬ್ಯಾಡೋ ಗುರ್ಯಾ." ಮಾಮಾನ ತುಟಿ ಆಗಲೇ ಅದುರುತ್ತಿತ್ತು. "ನಗಸಬ್ಯಾಡ. ಹೊಲಿಗಿ ಹೋದ್ರ ಕಣ್ಣ ಹೋತು."

"ನಗೂದಲ್ರೀ ಮಾಮಾ, ಖರೇನ—"

"ನಿನ್ನ ಖರೇನ ಹೆಚ್ಚಿಗಿ ನಗಸತದ. ಸುಮ್ಮನ ಕೂಡು."

ತುಟಿ ಕಚ್ಚಿ ಹಿಡಿದುಕೊಂಡಿದ್ದರು. ನಾನು ಬಾಯಿ ಬಿಟ್ಟರೆ ಅವರ ಕಣ್ಣು ಹೋಗುತ್ತದೆ. ಜಗತ್ತಿನಲ್ಲಿ ಯಾವ ಕಳ್ಳನಿಗೆ ಇಂಥ ರಕ್ಷಣೆ ಸಿಕ್ಕಿದೆ? ಆದರೆ ಇದು ನೆಪ, ನನಗೆ ಗೊತ್ತು. ಮೆಲ್ಲಗೆ ಕೈ ಹಿಡಿದು, ವಾಚು ಕಳೆದದ ಮಾಮಾ, ಅಂದಿದ್ದರೆ ಆಗುತ್ತಿತ್ತು. ಅದಕ್ಕೆ ಯಾರೂ ನಗುವುದಿಲ್ಲ. ನಾನು ಅನ್ನಲಿಲ್ಲ. ಅವರೇ ಕೇಳಿದರು: ವಾಚ್ ತಂದೀಯೇನು, ಕಿವಿಗೆ ಹಿಡಿ, ಹೊತ್ತೇ ತಿಳೀವಲ್ತು.

ಜೇಬಿನಿಂದ ಹೊಸ ವಾಚು ತೆಗೆದು ಕಿವಿಗೆ ಹಿಡಿದೆ. ಸ್ವಲ್ಪ ಹೊತ್ತು ಕೇಳಿದರು.

"ದನಿ ಜೋರಾಗೇದ ಅಲಾ?"

ವಾಚನ್ನು ಕಿವಿಯಿಂದ ತುಸು ದೂರ ಸರಿಸಿದೆ. ಅಷ್ಟರಲ್ಲಿ ಅವರೇ ಉತ್ತರವನ್ನೂ ಕೊಟ್ಟುಕೊಂಡರು. ಕಣ್ಣು ಕಟ್ಟಿದ ಮೇಲೆ ಕಿವಿ ಚುರುಕಾಗಿದೆಯಂತೆ. ಆಮೇಲೆ ವಾಚನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಅಂಚು ಸವರತೊಡಗಿದರು. ಹಿಂದೊಮ್ಮೆ ಕುರ್ಲಾ ಸ್ಟೇಶನ್ನಿನ ನೂಕುನುಗ್ಗಲಿನಲ್ಲಿ ಬಿದ್ದಾಗ ಚಾವಿಯ ಪಕ್ಕ ಒಂದು ನೆಗ್ಗು ಬಿದ್ದಿತ್ತು. ಮಾತಾಡುವಾಗ ಹೆಬ್ಬೆರಳು ಅಲ್ಲಿ ಇಡುವುದು ಅವರ ರೂಢಿ. ಬೆರಳು ಒಂದು ಸುತ್ತು ಬಂತು, ಮತ್ತೊಂದು ಸುತ್ತು ಬಂತು. ನಾನು ವಾಚನ್ನು ಕಿತ್ತುಕೊಂಡೆ. ನರ್ಸ್ ಕರೆಯುತ್ತಿದ್ದಾಳೆ, ಪಟ್ಟಾ ಹರಿದಿದೆ, ರಿಪೇರಿಗೆ ಕೊಡುತ್ತೇನೆ — ಬಾಯಿಗೆ ಬಂದದ್ದು ಹೇಳಿ ಓಡಿದೆ.

ಸುಳ್ಳು ಅಲ್ಲಿಂದ ಶುರು. ಕಣ್ಣಿನ ಪಟ್ಟಿ ಬಿಚ್ಚಿ, ಮನೆಗೆ ಕಳಿಸಿ, ಗಾಯ ಮಾಗಿ ದಪ್ಪ ಚಷ್ಮಾ ಕೊಡಲಿಕ್ಕೆ ಇನ್ನೂ ಕೆಲವು ವಾರ ಇದ್ದವು. ಅಷ್ಟರೊಳಗೆ ಹೊಸ ವಾಚಿಗೆ ಇಪ್ಪತ್ತು ವರ್ಷ ವಯಸ್ಸಾಗಬೇಕು.

ಹೊಸದನ್ನು ಹಾಳು ಮಾಡುವುದು ಸುಲಭ ಅಂತ ನಾನು ತಿಳಿದಿದ್ದೆ. ನನ್ನ ಕೈಗೆ ಬಂದದ್ದೆಲ್ಲ ತಾನಾಗಿ ಹಾಳಾಗುತ್ತದೆ. ಛತ್ರಿ, ಚಪ್ಪಲಿ, ಮಾಮಿಯ ರೇಡಿಯೋ. ಈ ವಾಚು ಮಾತ್ರ ಹಟ ಹಿಡಿಯಿತು. ಹುಳಿ ಲೋಹವನ್ನು ತಿನ್ನುತ್ತದೆ ಅಂತ ಯಾರೋ ಅಂದದ್ದು ನೆನಪಾಗಿ ಹುಣಸೇಹಣ್ಣು ಹಚ್ಚಿ ಬಿಲ್ಡಿಂಗಿನ ಗಚ್ಚಿಯ ಮೇಲೆ ಬಿಸಿಲಿಗಿಟ್ಟೆ. ತೊಳೆದು ನೋಡಿದರೆ ಮೊದಲಿಗಿಂತ ಹೆಚ್ಚು ಹೊಳೆಯುತ್ತಿತ್ತು! ಹುಣಸೆಯಿಂದ ಪಾತ್ರೆ ಬೆಳಗುತ್ತಾರೆ ಎಂಬುದು ಹುಟ್ಟಿದಾಗಿನಿಂದ ನೋಡಿದ ನನಗೆ ಆ ಕ್ಷಣ ಮರೆತಿತ್ತು. ಬೂದಿಯಲ್ಲಿ ತಿಕ್ಕಿದೆ, ಅದೂ ಅದೇ. ವಾಚು ಕಟ್ಟಿಕೊಂಡೇ ಮಾಮಿಯ ಪಾತ್ರೆಗಳನ್ನೆಲ್ಲ ತಿಕ್ಕಿ ಕೊಟ್ಟೆ. ಮಾಮಿ ನನ್ನ ಹಣೆ ಮುಟ್ಟಿ ನೋಡಿ, ಹುಡುಗಗ ಏನೋ ಆಗೇದ, ಎಂದು ದೃಷ್ಟಿ ತೆಗೆದರು.

ಡೊಂಬಿವಲಿಯ ಕಾರ್ಖಾನೆ ಗಾಳಿಗೆ ಮಾಮಿಯ ಬೆಳ್ಳಿ ಕಾಲುಂಗುರ ತಿಂಗಳೊಪ್ಪತ್ತಿನಲ್ಲಿ ಕರ್ರಗಾಗುತ್ತಿದ್ದವು. ಹಿತ್ತಾಳೆಯ ಕೃಷ್ಣ ನೀಲಮೇಘಶ್ಯಾಮನಾಗಿದ್ದ. ಹಾಗಾದರೆ ಈ ಗಾಳಿಯಿಂದ ನನಗೂ ಒಂದು ಉಪಕಾರ ಆಗಲಿ ಎಂದು ವಾಚನ್ನು ಕಾರ್ಖಾನೆಗಳ ಕಡೆ ಒಯ್ದು, ಹೊಗೆ ಬರುವ ಒಂದು ಗೋಡೆಯ ಬದಿಗೆ ಮಧ್ಯಾಹ್ನವಿಡೀ ಹಿಡಿದುಕೊಂಡು ಕೂತೆ. ನನಗೆ ಕೆಮ್ಮು ಬಂತು, ಕಣ್ಣು ಉರಿಯಿತು. ವಾಚಿಗೆ ಏನೂ ಆಗಲಿಲ್ಲ. ಸಿಟ್ಟಿಗೆದ್ದು ಬೀಗದ ಕೈಗಳ ಜೊತೆ ಜೇಬಿನಲ್ಲಿ ಹಾಕಿ ಜನ ಜೋತುಬೀಳುವ ಲೋಕಲಿನಲ್ಲಿ ಹೋಗಿ ಬಂದೆ. ಜೇಬು ಹರಿಯಿತು. ವಾಚು ನನ್ನನ್ನೇ ನೋಡಿ ಟಿಕ್ ಟಿಕ್ ಅಂದಿತು. ಅತ್ತುಬಿಡುವಷ್ಟು ರೋಸಿಹೋದೆ. ನಾಟಕದಲ್ಲಿ ಹದಿನೆಂಟರ ಹುಡುಗರ ಕೂದಲಿಗೆ ಸಫೇತಿಯ ಬಿಳಿ ಬಳಿದು ಅರ್ಧ ಗಂಟೆಯಲ್ಲಿ ಮುದುಕರನ್ನಾಗಿ ಮಾಡುವವನು ನಾನು. ಒಂದು ಯಃಕಶ್ಚಿತ್ ವಾಚು ಮಣಿಯುವುದಿಲ್ಲ ಅಂದರೆ?

ಕೊನೆಗೆ ಸದಾನಂದನ ಹತ್ತಿರ ಹೋದೆ. ಚೆಲ್ಲಿದ ಪಾಪ ಅವನ ತಲೆಯ ಮೇಲೂ ಇತ್ತಲ್ಲ, ಇಲ್ಲ ಅನ್ನಲಿಲ್ಲ. ಹೋಟೆಲಿನ ಹಿಂದೆ ಕೂತು ಒರಟು ಮರಳಿನಲ್ಲಿ ಗಾಜು ತಿಕ್ಕಿದೆವು. ಕುರ್ಲಾದ ನೆಗ್ಗು ಆಗಬೇಕಿತ್ತು. ಕುಟ್ಟಾಣಿಯಿಂದ ಹೊಡೆದರೆ ಮೊದಲ ಏಟು ನನ್ನ ಹೆಬ್ಬೆರಳಿಗೆ, ಎರಡನೆಯದೂ ಅದಕ್ಕೇ. ಮೂರನೆಯದು ಗುರಿ ಮುಟ್ಟಿತು. ಪಟ್ಟಾವನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಒಲೆಯ ಮುಂದೆ ದಿನವಿಡೀ ಬೆವರುವ ಅಡಿಗೆ ಭಟ್ಟರ ಕೈಗೆ ಕಟ್ಟಿದೆವು. ಆದರೆ ಮುಖ? ಹಿಂದಿ ಅಕ್ಷರ ಹಾಗೇ ಇತ್ತು. ಚಾಕುವಿನಿಂದ ಹಿಂದಿನ ಮುಚ್ಚಳ ಎಬ್ಬಿಸಿ, ಯಂತ್ರ ಹೊರಗೆ ತೆಗೆದು, ಕಡ್ಡಿಗೆ ಹತ್ತಿ ಸುತ್ತಿ ಚಹಾದ ಡಿಕಾಕ್ಷನ್ ಹಚ್ಚಿದೆವು. ಮತ್ತೆ ಜೋಡಿಸಿ, ಹಿಂದಿನ ಮುಚ್ಚಳ ಸಡಿಲ ಬಿಟ್ಟು, ಇಡ್ಲಿ ಬೇಯುವ ಪಾತ್ರೆಯ ಮೇಲೆ ಸರಿಗೆಯಲ್ಲಿ ತೂಗುಹಾಕಿದೆವು.

ಅಲ್ಲಿ ಸೋತಿತು. ಇಡ್ಲಿಯ ಒಂದೊಂದು ಒಬ್ಬೆಗೂ ಅದರ ಮುಖ ಹಳದಿಯಾಗುತ್ತ, ಕಂದಾಗುತ್ತ, ಚುಕ್ಕೆ ಚುಕ್ಕೆಯಾಗುತ್ತ ಬಂತು. ಹಿಂದಿ ಹೆಸರು ಕಲೆಯೊಳಗೆ ಮುಳುಗಿತು. ಅಂಕಿಗಳ ಅಂಚು ಒಡೆಯಿತು. ಆಶ್ಚರ್ಯವೆಂದರೆ ನಡೆಯುವುದು ಮಾತ್ರ ನಿಲ್ಲಲಿಲ್ಲ. ಸದಾನಂದ ಸಾಕು ಅಂದ. ಹೆಚ್ಚಾಯಿತು ಮಾರಾಯ, ಇಳಿಸುವ, ಅಂದ. ನಾನು ಕೇಳಲಿಲ್ಲ. ಇನ್ನೊಂದು ಒಬ್ಬೆ ಅಂದೆ. ಮೇಕಪ್ಪಿನಲ್ಲೂ ನನ್ನದು ಇದೇ ರೋಗ. ಐವತ್ತರ ಅಪ್ಪನ ಪಾತ್ರ ನನ್ನ ಕೈಯಿಂದ ಏಳುವಾಗ ತೊಂಬತ್ತಾಗಿರುತ್ತಿತ್ತು, ಪ್ರವೇಶ ಮಾಡಿದ ಕೂಡಲೆ ಯಾರಾದರೂ ಹಿಡಿದುಕೊಳ್ಳಬೇಕಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎಂಬುದು ನನಗೆ ಯಾವತ್ತೂ ತಿಳಿದಿಲ್ಲ.

ಚಷ್ಮಾ ಬಂದ ದಿನ ಮಾಮಾ ಮನೆಯಲ್ಲಿ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಸೋಡಾ ಬಾಟಲಿಯ ತಳದಂಥ ಗಾಜು. ಮೊದಲು ವಾಚು ನೋಡುತ್ತೇನೆ ಅಂದಿದ್ದರೂ ಎದುರಿಗೆ ಮಾಮಿ ನಿಂತಿದ್ದರಲ್ಲ. ನಿನ್ನ ಕೂದಲಾ ಯಾವಾಗ ಬೆಳ್ಳಗಾದ್ವು, ಎಂದು ಕೇಳಿದರು. ನೀವು ನೋಡದ ಹೊತ್ತಿನಾಗ, ಎಂದು ಮಾಮಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಗೋಡೆಯ ಸುಣ್ಣ ನೋಡಿದರು, ತಮ್ಮ ಅಂಗೈ ನೋಡಿದರು. ನನಗೆ ಮೀಸೆ ಬಂದದ್ದಕ್ಕೆ ಗದರಿಸಿದರು. ಎಲ್ಲವೂ ಅವರಿಗೆ ಹಬ್ಬ. ಆಮೇಲೆ ಕೈ ಚಾಚಿದರು. ನಾನು ವಾಚು ಕೊಟ್ಟೆ.

ಹೆಬ್ಬೆರಳು ನೆಗ್ಗಿನ ಮೇಲೆ ಹೋಗಿ ಕೂತಿತು. ನಾನು ಗೆದ್ದೆ ಅಂದುಕೊಂಡೆ — ಇದನ್ನೂ ಬರೆಯಬೇಕು, ಆ ಕ್ಷಣ ನನಗೆ ಒಳಗೊಳಗೆ ಚಪ್ಪಾಳೆ ಕೇಳಿಸಿತು. ಮಾಮಾ ವಾಚನ್ನು ಬೆಳಕಿಗೆ ತಿರುಗಿಸಿದರು. ಹತ್ತಿರ ಹಿಡಿದರು, ದೂರ ಹಿಡಿದರು. ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇಷ್ಟ ಹಾಳಾಗೇದೇನೋ ಇದು?"

ಹೆಬ್ಬೆರಳಿನಿಂದ ಗಾಜನ್ನು ಉಜ್ಜಿ ನೋಡಿದರು.

"ಕಣ್ಣಿದ್ದಾಗ ಹಿಂಗ ಇದ್ದಿದ್ದಿಲ್ಲ. ಕುರುಡನ ಕೈಯಾಗ ಇಟಗೊಂಡು ಎಲ್ಲೆಲ್ಲೆ ಬಡದೇನೋ, ಏನೇನ್ ಚೆಲ್ಲೇನೋ. ಅಕ್ಕ ಕೊಟ್ಟದ್ದು. ನಾ ಜ್ವಾಕಿ ಮಾಡಲಿಲ್ಲ ಗುರ್ಯಾ."

ಆ ದಪ್ಪ ಗಾಜಿನ ಹಿಂದೆ ಕಣ್ಣು ಇಷ್ಟಗಲ ಕಾಣುತ್ತಿದ್ದವು. ಎರಡೂ ತುಂಬಿದವು. ಆಪರೇಶನ್ ಆದ ಕಣ್ಣಿನಲ್ಲಿ ಮೊದಲು ಬಂದದ್ದು ಅದು. ಹೊಲಿಗೆ, ನಗು, ಸಿಸ್ಟರ್ — ಆಗ ಯಾವ ನೆಪವೂ ಉಳಿದಿರಲಿಲ್ಲ. ಬಾಯಿ ತೆಗೆದರೆ ಸಾಕಿತ್ತು. ನಾನು ತೆಗೆದೆ ಕೂಡ. ಹೊರಬಂದದ್ದು ಇದು:

"ಬಿಡ್ರಿ ಮಾಮಾ, ವಾಚ್ ಮುದುಕಾದ್ರ ಏನಾತು, ಟೈಮ್ ಇನ್ನೂ ಹುಡುಗನ ಅದ."

ಮಾಮಾ ನಗಲಿಲ್ಲ. ನನ್ನ ಮಾತಿಗೆ ಅವರು ನಗದೇ ಇದ್ದದ್ದು ಅದೊಂದೇ ಸಲ. ವಾಚನ್ನು ಧೋತರದ ತುದಿಯಿಂದ ಮೆಲ್ಲಗೆ ಒರೆಸಿದರು, ಮಗುವಿನ ಮುಖ ಒರೆಸಿದ ಹಾಗೆ. ಎದ್ದು ಹೋಗಿ ದೇವರ ಜಗಲಿಯ ಮೇಲೆ ಇಟ್ಟರು. ಇನ್ನು ಮೇಲೆ ಕೈಗೆ ಕಟ್ಟುವುದಿಲ್ಲ, ಉಳಿದದ್ದಾದರೂ ಉಳಿಯಲಿ ಅಂದರು.

ಅವತ್ತಿನಿಂದ ಮಾಮಾ ಬೇರೆ ವಾಚು ಕಟ್ಟಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತದೆ, ಪ್ಲಾಟ್‌ಫಾರ್ಮಿನ ಆ ತುದಿಯ ಬೋರ್ಡು ಓದುತ್ತಾರೆ. ಆದರೆ ಹೊತ್ತು ಗೊತ್ತಾಗಬೇಕಾದರೆ ಪ್ಲಾಟ್‌ಫಾರ್ಮಿನಲ್ಲಿ ಸ್ಟೇಶನ್ನಿನ ಗಡಿಯಾರ ನಂಬದೆ ಪಕ್ಕದವರನ್ನು ಕೇಳುತ್ತಾರೆ. ಡಬ್ಬಿಗೆಲ್ಲ ಹೊತ್ತು ಕೊಡುತ್ತಿದ್ದವರು. ಈಗಂತೂ ಸೆಲ್ಲಿನಿಂದ ನಡೆಯುವ ವಾಚು ಹುಡುಗರ ಕೈಕೈಯಲ್ಲಿವೆ. ಅವರನ್ನು ಕೇಳಿ, ಉತ್ತರ ಪಡೆದು, ಜ್ವಾಕಿ ಮಾಡ್ರಪಾ ಎಂದು ಹೇಳುತ್ತಾರೆ. ಹುಡುಗರಿಗೆ ಅರ್ಥವಾಗುವುದಿಲ್ಲ. ನನಗೆ ಆಗುತ್ತದೆ. ವರ್ಷವೂ ಖಂಡೇನವಮಿಗೆ ಇಳಿಗೆ, ಕತ್ತರಿ, ಮಾಮಿಯ ಹೊಲಿಗೆ ಮಿಶನ್ನಿನ ಜೊತೆ ಆ ವಾಚನ್ನೂ ಇಟ್ಟು ಅರಿಷಿಣ ಕುಂಕುಮ ಏರಿಸಿ, ಸೇವಂತಿಗೆ ಇಟ್ಟು, ನಿಮ್ಮವ್ವಗ ನಮಸ್ಕಾರ ಮಾಡು ಅನ್ನುತ್ತಾರೆ. ನಾನು ಉದ್ದಂಡ ಬೀಳುತ್ತೇನೆ. ಇಡ್ಲಿ ಪಾತ್ರೆಯ ಮೇಲೆ ಬೆಂದದ್ದರ ಮುಂದೆ.

ಒಂದು ಖಂಡೇನವಮಿಗೆ ತಡೆಯಲಾಗಲಿಲ್ಲ. ಊಟಕ್ಕೆ ಕೂತಾಗ ಹೇಳಿದೆ: ಇದು ಅವ್ವನ ವಾಚಲ್ಲ, ಅದು ಗಟಾರಕ್ಕೆ ಹೋತು, ಇದನ್ನ ನಾನು ಸದಾನಂದ ಕೂಡಿ ಹಳೇದು ಮಾಡೇವಿ. ಗಂಭೀರವಾಗೇ ಶುರು ಮಾಡಿದ್ದೆ. ಹುಣಸೇಹಣ್ಣಿನ ಹತ್ತಿರ ಬಂದಾಗ ಮಾಮಿ ಕಿಸಕ್ಕೆಂದರು. ನಗು ನನ್ನ ಕಿವಿಗೆ ಬಿತ್ತು. ಅಷ್ಟು ಸಾಕಾಯಿತು ನೋಡಿ. ನಾನು ಕೈ ಬೀಸತೊಡಗಿದೆ. ವಾಚು ಸಕ್ಕರೆ ಕೇಳಿತು ಅಂದೆ, ಇಡ್ಲಿಯ ಜೊತೆ ಚಟ್ನಿಯನ್ನೂ ಬೇಡಿತು ಅಂದೆ. ಎಲ್ಲಿ ನಿಲ್ಲಿಸಬೇಕು... ಮಾಮಾ ನಕ್ಕು ನಕ್ಕು ಚಷ್ಮಾ ತೆಗೆದು ಕಣ್ಣೊರೆಸಿಕೊಂಡರು. "ಈ ವರ್ಷದ ನಾಟಕಕ್ಕ ಇದನ್ನ ಹಾಕೋ" ಅಂದರು. ನನ್ನನ್ನು ಯಾರೂ ನಂಬುವುದಿಲ್ಲ ಎಂದು ಊರೆಲ್ಲ ದೂರಿಕೊಂಡು ತಿರುಗಿದೆ. ನಂಬದ ಹಾಗೆ ಹೇಳಿದವನು ನಾನೇ. ಚಹಾದ ಗ್ಲಾಸಿನ ಮುಂದೆ ಆದದ್ದೇ ಅನ್ನದ ತಾಟಿನ ಮುಂದೆಯೂ ಆಯಿತು.

ಈಗ ನಾನು ನೌಕರಿಗಾಗಿ ಬೇರೆ ಕೋಣೆ ಹಿಡಿದಿದ್ದೇನೆ, ಮದುವೆಯೂ ಗೊತ್ತಾಗಿದೆ. ಅಕ್ಷತೆಗೆ ಮೊದಲು ಎಲ್ಲರ ಎದುರಿಗೆ ಅವ್ವನ ವಾಚನ್ನು ನನ್ನ ಕೈಗೆ ಕಟ್ಟುತ್ತೇನೆ ಎಂದು ಮಾಮಾ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾರೆ. ಅಕ್ಕನ ಮಗನಿಗೆ ಮುಟ್ಟಿಸಿಬಿಟ್ಟರೆ ತನ್ನ ತಪ್ಪು ಅರ್ಧವಾದರೂ ತೀರುತ್ತದಂತೆ. ತನ್ನ ತಪ್ಪು!

ಸಂಘದ ಸಂಚಿಕೆಗೆ ನನ್ನಿಂದ ಒಂದು ಹಾಸ್ಯಲೇಖನ ಕೇಳಿದ್ದರು. ಇದನ್ನು ಕೊಡುತ್ತಿದ್ದೇನೆ. ವಾಚು ಕಳೆದದ್ದು ನಿಮ್ಮೆಲ್ಲರ ಎದುರಿಗೆ, ನಿಮ್ಮ ನಗುವಿಗಾಗಿ. ಹೇಳುವುದೂ ನಿಮ್ಮ ಎದುರಿಗೇ ಆಗಲಿ. ಸಂಚಿಕೆ ಬಂದ ದಿನ ಮಾಮಾ ಮೊದಲು ಹುಡುಕುವುದು ನನ್ನ ಹೆಸರನ್ನು, ಆ ದಪ್ಪ ಗಾಜಿನಲ್ಲಿ ಒಂದಕ್ಷರ ಬಿಡದೆ ಓದುತ್ತಾರೆ.

ಮಾಮಾ, ಓದುತ್ತಿದ್ದೀರಲ್ಲ? ನೀವು ಏನನ್ನೂ ಬಡಿದಿಲ್ಲ, ಏನನ್ನೂ ಚೆಲ್ಲಿಲ್ಲ. ಕಣ್ಣು ಕಾಣದಿದ್ದಾಗಲೂ ಅವ್ವನ ವಾಚು ನಿಮ್ಮ ಕೈಯಲ್ಲಿ ಚೆನ್ನಾಗಿಯೇ ಇತ್ತು. ಕಣ್ಣಿದ್ದ ನನ್ನ ಕೈಯಲ್ಲಿ ಅದು ಒಂದು ವಾರ ಬಾಳಲಿಲ್ಲ. ಜಗಲಿಯ ಮೇಲಿನದನ್ನು ಇಳಿಸಿಡಿ. ಅದರ ಹಿಂದಿನ ಮುಚ್ಚಳದ ಒಳಬದಿಗೆ ನಮ್ಮ ಮರಳೂ ಚಹಾವೂ ಮುಟ್ಟಿಲ್ಲ, ಹಬೆಗೆ ಆ ಸ್ಟೀಲು ಮಾಸಿಲ್ಲ. ಅಲ್ಲಿ ಅದು ಇನ್ನೂ ಅಂಗಡಿಯಲ್ಲಿದ್ದಷ್ಟೇ ಹೊಸದಾಗಿದೆ, ಕಾರ್ಖಾನೆಯ ಹೆಸರೂ ಹಿಂದಿಯಲ್ಲಿದೆ. ನಾನೇ ತೆಗೆದು ತೋರಿಸುತ್ತೇನೆ. ಸದಾನಂದನನ್ನು ಕರೆತರುವುದಿಲ್ಲ, ಒಬ್ಬನೇ ಬರುತ್ತೇನೆ. ಆಮೇಲೆ ನೀವು ಏನು ಅನ್ನುತ್ತೀರೋ ಅದು.

ಐತವಾರ ಬರ್ತೇನಿ ಮಾಮಾ. ನಗಬ್ಯಾಡ್ರಿ.